ಮಕ್ಕಳ ಸಭೆಗೆ ನಿಜವಾದ ಅಧಿಕಾರ ಕೊಡೋಣ

ಉಡುಪಿಯಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಪೋಷಕರು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನೂ ಕೊನೆಯ ಕಡೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬ ಖುಷಿಯಾಯಿತು.

ಶಾಲೆ ಶುರುವಾಗಿ ಕೆಲವು ವಾರ ಕಳೆದರೆ ನಮ್ಮ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ಬರುತ್ತದೆ. ಮಕ್ಕಳು ನಾಮಪತ್ರ ಹಾಕುತ್ತಾರೆ, ಪ್ರಚಾರ ಮಾಡುತ್ತಾರೆ. ಮೊಬೈಲನ್ನೇ ಮತಯಂತ್ರ ಮಾಡಿ ಓಟು ಹಾಕಿಸುವ ಶಿಕ್ಷಕರಿದ್ದಾರೆ. ಬೆರಳಿಗೆ ಶಾಯಿಯೂ ಉಂಟು. ಮುಖ್ಯಮಂತ್ರಿ, ಆಹಾರ ಮಂತ್ರಿ, ಕ್ರೀಡಾ ಮಂತ್ರಿ, ವಿರೋಧ ಪಕ್ಷದ ನಾಯಕಿ, ಎಲ್ಲರೂ ಸಾಲಾಗಿ ನಿಂತು ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಆ ಮಕ್ಕಳ ಮುಖ ನೋಡಿದ್ದೀರಲ್ಲ? ಎಷ್ಟು ಗಂಭೀರವಾಗಿರುತ್ತದೆ! ಅವರು ಅದನ್ನು ಪೂರ್ತಿ ನಂಬಿರುತ್ತಾರೆ.

ಆಮೇಲೆ ಏನಾಗುತ್ತದೆ? ಆಹಾರ ಮಂತ್ರಿ ಬಿಸಿಯೂಟದ ಸಾಲು ನೋಡಿಕೊಳ್ಳುತ್ತಾನೆ. ಸ್ವಚ್ಛತಾ ಮಂತ್ರಿ ಕಸ ಹೆಕ್ಕಿಸುತ್ತಾಳೆ. ಕ್ರೀಡಾ ಮಂತ್ರಿ ಚೆಂಡು ತಂದು ಕೊಡುತ್ತಾನೆ, ಗಂಟೆ ಹೊಡೆದ ಮೇಲೆ ಒಳಗಿಡುತ್ತಾನೆ. ದೊಡ್ಡವರು ತೀರ್ಮಾನ ಮಾಡಿದ್ದನ್ನು ಮಕ್ಕಳಿಂದ ಮಾಡಿಸುವ ಕೆಲಸ ಇದು. ಯಾವುದನ್ನೂ ತೀರ್ಮಾನ ಮಾಡುವ ಕೆಲಸ ಅವರ ಪಾಲಿಗೆ ಬರುವುದೇ ಇಲ್ಲ. ಕಿರೀಟ ಕಟ್ಟಿ, ಬಣ್ಣ ಹಚ್ಚಿ, ಯಕ್ಷಗಾನದ ವೇಷವನ್ನು ಬೆಳಗಿನವರೆಗೆ ಚೌಕಿಯಲ್ಲೇ ಕೂರಿಸಿದ ಹಾಗೆ ಇದು. ರಂಗಸ್ಥಳಕ್ಕೆ ಕರೆಯುವವರೇ ಇಲ್ಲ.

ನಾನು ಇವತ್ತು ಹೇಳಬೇಕೆಂದು ಬಂದದ್ದು ಒಂದೇ ವಿಷಯ. ಪ್ರಜಾಪ್ರಭುತ್ವದ ಶಾಲೆ, ಮಗುವನ್ನು ನಡುವೆ ಇಟ್ಟುಕೊಂಡ ಶಾಲೆ ಅಂದರೆ ಊರಾಚೆ ತೋಟದ ನಡುವೆ ಜಾಸ್ತಿ ಫೀಸಿಗೆ ಸಿಗುವ ಸರಕು ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಅದರ ಮೇಲೆ ಎಲ್ಲರಿಗಿಂತ ಮೊದಲ ಹಕ್ಕಿರುವುದು ಸರ್ಕಾರಿ ಶಾಲೆಗೆ. ಅದಕ್ಕೆ ಬೇಕಾದ ಸಾಮಾನು ಹೆಚ್ಚುಕಡಿಮೆ ಎಲ್ಲವೂ ನಮ್ಮ ಶಾಲೆಗಳಲ್ಲಿ ಆಗಲೇ ಇದೆ. ಮಕ್ಕಳ ಸಭೆ ಒಂದು ಮಾತು ಹೇಳಿದರೆ ಅದು ನಡೆಯುತ್ತದೆ ಎಂಬ ಖಾತ್ರಿ ಮಾತ್ರ ಇಲ್ಲ.

ಈ ವಿಷಯ ಎತ್ತಿದರೆ ಜನ ಮೊದಲು ನೆನೆಯುವುದು ಇಂಗ್ಲೆಂಡಿನ ಸಮ್ಮರ್‌ಹಿಲ್ ಶಾಲೆಯನ್ನು. ಸ್ಕಾಟ್ಲೆಂಡಿನ ಹಳ್ಳಿ ಮಾಸ್ಟ್ರೊಬ್ಬರ ಮಗ ಎ. ಎಸ್. ನೀಲ್ 1921ರಲ್ಲಿ ಜರ್ಮನಿಯ ಡ್ರೆಸ್ಡೆನ್ ಹತ್ತಿರ ಶುರು ಮಾಡಿದ ಶಾಲೆ ಅದು. ಆಮೇಲೆ ಇಂಗ್ಲೆಂಡಿಗೆ ಬಂದು, 1927ರಿಂದ ಸಫೋಕ್ ಸೀಮೆಯ ಲೇಸ್ಟನ್ ಎಂಬ ಸಣ್ಣ ಊರಿನಲ್ಲಿ ನೆಲೆಯೂರಿದೆ. ಅಲ್ಲಿ ಪಾಠಕ್ಕೆ ಹೋಗುವುದು ಬಿಡುವುದು ಮಗುವಿನ ಇಷ್ಟ. ಜನ ಬೆರಗಾಗುವುದು ಇದಕ್ಕೆ. ನನಗೆ ದೊಡ್ಡದಾಗಿ ಕಾಣುವುದು ಅಲ್ಲಿನ ಸಭೆ. ಅಧ್ಯಕ್ಷತೆ ಮಗುವಿನದು. ಆರು ವರ್ಷದ ಮಗುವಿಗೂ ಒಂದು ಓಟು, ಮುಖ್ಯಶಿಕ್ಷಕರಿಗೂ ಒಂದೇ ಓಟು. ಯಾರಾದರೂ ಯಾರ ವಸ್ತುವನ್ನಾದರೂ ಕೇಳದೆ ತೆಗೆದುಕೊಂಡರೆ ಅದು ಸಭೆಗೆ ಬರುತ್ತದೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು ಎಂಬ ನಿಯಮವೂ ಸಭೆಯದ್ದೇ.

ಆ ಶಾಲೆಯ ಒಂದು ಘಟನೆ ಹೇಳಲೇಬೇಕು. 1999ರಲ್ಲಿ ಸರ್ಕಾರದ ತಪಾಸಣೆ ನಡೆಯಿತು. ಪಾಠಕ್ಕೆ ಹಾಜರಾಗುವುದು ಕಡ್ಡಾಯ ಅಲ್ಲ ಎಂಬುದಕ್ಕೆ ತಕರಾರು ಎದ್ದು, ಶಾಲೆ ಮುಚ್ಚಬೇಕಾದೀತು ಎನ್ನುವವರೆಗೆ ಹೋಯಿತು. ಶಾಲೆ ಸುಮ್ಮನಿರಲಿಲ್ಲ, ವಿಷಯವನ್ನು ನ್ಯಾಯಮಂಡಳಿಗೆ ಒಯ್ದಿತು. 2000ದಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಕಟ್ಟಡದಲ್ಲಿ ವಿಚಾರಣೆ. ನಡುವೆ ಸರ್ಕಾರ ರಾಜಿಗೆ ಬಂತು. ಒಪ್ಪಬೇಕೋ ಬೇಡವೋ? ಮಕ್ಕಳು ಆ ಕೋರ್ಟು ಹಾಲಿನಲ್ಲೇ ತಮ್ಮ ಸಭೆ ಸೇರಿಸಿದರು, ಚರ್ಚೆ ಮಾಡಿದರು, ಓಟು ಹಾಕಿ ಒಪ್ಪಿಕೊಂಡರು. ವಾರ ವಾರ ಸಣ್ಣ ಸಣ್ಣ ಜಗಳ ತೀರಿಸಿ ಅಭ್ಯಾಸವಾದ ಮಕ್ಕಳು ತಮ್ಮ ಶಾಲೆಯ ಅಳಿವು ಉಳಿವಿನ ಪ್ರಶ್ನೆಯನ್ನೂ ಅದೇ ರೀತಿ ಕೂತು ತೀರಿಸಿದರು. ಆ ದಿನಕ್ಕೆಂದು ಯಾರೂ ಅವರಿಗೆ ತರಬೇತಿ ಕೊಟ್ಟಿರಲಿಲ್ಲ. ಅವರಿಗಿದ್ದದ್ದು ವರ್ಷಗಟ್ಟಲೆಯ ರೂಢಿ.

ಆದರೆ ಸಮ್ಮರ್‌ಹಿಲ್ ಫೀಸು ಕೊಟ್ಟು ಓದುವ ವಸತಿ ಶಾಲೆ. ಅದನ್ನು ಎತ್ತಿ ತಂದು ಕಾಪುವಿನಲ್ಲೋ ಕಾರ್ಕಳದಲ್ಲೋ ಇಡಲು ಆಗುವುದಿಲ್ಲ. ಹಾಗಾಗಿ ಸರ್ಕಾರಿ ಶಾಲೆಗಳಲ್ಲಿ ಇದು ನಡೆದದ್ದು ಎಲ್ಲಿ ಅಂತ ನೋಡಬೇಕು. ಮೂರು ಕಡೆಯದ್ದು ಹೇಳುತ್ತೇನೆ. ಒಂದನ್ನು ಸ್ವಲ್ಪ ನಿಧಾನವಾಗಿ.

ಪೋರ್ಚುಗಲ್ಲಿನ ಪೋರ್ಟೊ ನಗರಕ್ಕೆ ಹತ್ತಿರ, ಬಟ್ಟೆ ಮಿಲ್ಲುಗಳಿರುವ ಸೀಮೆಯಲ್ಲಿ ಎಸ್ಕೋಲಾ ದ ಪೋಂಟ್ ಎಂಬ ಶಾಲೆ ಇದೆ. ಸರ್ಕಾರಿ ಶಾಲೆ, ಫೀಸಿಲ್ಲ. ಅಲ್ಲಿಗೆ 1976ರಲ್ಲಿ ಜೋಸೆ ಪಶೇಕೊ ಎಂಬ ಶಿಕ್ಷಕರು ಬಂದರು. ಅವರೂ ಜೊತೆಯವರೂ ಸೇರಿ ನಿಧಾನಕ್ಕೆ ಶಾಲೆಯನ್ನು ಒಳಗಿನಿಂದ ಬದಲಿಸಿದರು. ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂಬ ಗೋಡೆ ಹೋಯಿತು. ಮಕ್ಕಳು ಸಣ್ಣ ಗುಂಪುಗಳಲ್ಲಿ ಕೂತು, ಮುಂದಿನ ಎರಡು ವಾರ ಏನೇನು ಕಲಿಯಬೇಕು ಅಂತ ಶಿಕ್ಷಕರ ಜೊತೆ ಮಾತಾಡಿ ಯೋಜನೆ ಬರೆಯುತ್ತಾರೆ. ದಿನಾ ಬೆಳಗ್ಗೆ ಅವತ್ತಿನ ಯೋಜನೆ ಬೇರೆ. ಗೋಡೆಯ ಮೇಲೆ ಎರಡು ಹಾಳೆ. ಒಂದರಲ್ಲಿ 'ನನಗೆ ಸಹಾಯ ಬೇಕು' ಅಂತ ಮಗು ತನ್ನ ಹೆಸರು ಮತ್ತು ವಿಷಯ ಬರೆಯುತ್ತದೆ. ಇನ್ನೊಂದರಲ್ಲಿ 'ನನಗೆ ಇದು ಗೊತ್ತಾಯಿತು' ಅಂತ. ಹಾಗೆ ಬರೆದ ಮೇಲೆ ಶಿಕ್ಷಕರು ಬಂದು ನೋಡುತ್ತಾರೆ, ಕೇಳುತ್ತಾರೆ, ಪರೀಕ್ಷಿಸುತ್ತಾರೆ.

ಈ ಎರಡು ಹಾಳೆಗಳ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ನಮ್ಮಲ್ಲಿ ಪರೀಕ್ಷೆಯ ದಿನ ಗೊತ್ತುಮಾಡುವುದು ಇಲಾಖೆ. ಮಗುವಿಗೆ ತಿಳಿದಿರಲಿ ಬಿಡಲಿ, ಆ ದಿನ ಬರೆಯಬೇಕು. ಅಲ್ಲಿ 'ನಾನು ತಯಾರು' ಅಂತ ಹೇಳುವ ಹೊಣೆ ಮಗುವಿನದು. ಹಾಗೆ ಹೇಳಬೇಕಾದರೆ ತನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಮಗು ತನ್ನನ್ನೇ ಕೇಳಿಕೊಳ್ಳಬೇಕಲ್ವಾ? ಅದಕ್ಕಿಂತ ದೊಡ್ಡ ಕಲಿಕೆ ಇನ್ನೇನಿದೆ? ಮೊದಲ ಹಾಳೆಯೂ ಅಷ್ಟೇ ಮುಖ್ಯ. ಬರುವುದಿಲ್ಲ ಅಂತ ಎಲ್ಲರ ಎದುರು ಬರೆಯಲು ಮಗುವಿಗೆ ನಾಚಿಕೆಯಾಗದಂಥ ಶಾಲೆ ಅದು.

ವಾರಕ್ಕೊಮ್ಮೆ ಅಲ್ಲಿ ಮಕ್ಕಳ ಸಭೆ. ತಮ್ಮ ಹಕ್ಕುಗಳು ಮತ್ತು ಕರ್ತವ್ಯಗಳ ಪಟ್ಟಿಯನ್ನು ಮಕ್ಕಳೇ ಚರ್ಚಿಸಿ ಒಪ್ಪುತ್ತಾರೆ. ಜಗಳ, ತೊಂದರೆಗಳನ್ನು ನೋಡಿಕೊಳ್ಳಲು ಮಕ್ಕಳದ್ದೇ ಒಂದು ಸಹಾಯ ಸಮಿತಿ ಇದೆ. ಸರ್ಕಾರದ ಜೊತೆ ತಿಕ್ಕಾಟವಿಲ್ಲದೆ ಇದೆಲ್ಲ ನಡೆಯಲಿಲ್ಲ. ಪೋಷಕರು ಶಾಲೆಯ ಬೆನ್ನಿಗೆ ಗಟ್ಟಿಯಾಗಿ ನಿಂತರು. ಕೊನೆಗೆ 2005ರಲ್ಲಿ ಸರ್ಕಾರವೇ ಆ ಶಾಲೆಯ ಜೊತೆ ಸ್ವಾಯತ್ತತೆಯ ಒಪ್ಪಂದ ಮಾಡಿಕೊಂಡಿತು. ಇಲ್ಲಿರುವ ಎಸ್‌ಡಿಎಂಸಿ ಸದಸ್ಯರು ಇದನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ಶಾಲೆಯನ್ನು ಉಳಿಸಿದವರಲ್ಲಿ ನಿಮ್ಮಂಥವರೂ ಇದ್ದರು.

ಎರಡನೆಯದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನ ಸರ್ಕಾರಿ ಶಾಲೆ, 1974ರಲ್ಲಿ ಶುರುವಾದದ್ದು. ಈಗ ಅದರ ಹೆಸರು ಲೆಹ್ಮನ್ ಆಲ್ಟರ್ನೇಟಿವ್ ಕಮ್ಯುನಿಟಿ ಸ್ಕೂಲ್. ಆರರಿಂದ ಹನ್ನೆರಡನೇ ತರಗತಿ. ಇಡೀ ಶಾಲೆ ಸೇರುವ ಸಭೆ, ಮಕ್ಕಳ ಸಮಿತಿಗಳು, ಒಬ್ಬ ಶಿಕ್ಷಕರ ಸುತ್ತ ಕೆಲವೇ ಮಕ್ಕಳಿರುವ 'ಕುಟುಂಬ ಗುಂಪು'. ಅಂಕದ ಬದಲು ಶಿಕ್ಷಕರು ಪ್ರತಿ ಮಗುವಿನ ಬಗ್ಗೆ ಬರೆದು ಕೊಡುತ್ತಾರೆ. ನ್ಯೂಯಾರ್ಕಿನ ಇಂಥ ಕೆಲವು ಶಾಲೆಗಳಿಗೆ ಇಂಗ್ಲಿಷ್ ಒಂದು ಬಿಟ್ಟು ರಾಜ್ಯದ ಉಳಿದ ಪರೀಕ್ಷೆಗಳಿಂದ ವಿನಾಯಿತಿ ಇದೆ. ಅದರ ಬದಲು ಮಕ್ಕಳು ದೊಡ್ಡ ಬರಹ, ಪ್ರಯೋಗ ಮಾಡಿ ಹಿರಿಯರ ಎದುರು ಕೂತು ಸಮರ್ಥಿಸಿಕೊಳ್ಳಬೇಕು.

ಮೂರನೆಯದು ಕೆನಡಾದ ನಾರ್ತ್ ವ್ಯಾಂಕೂವರಿನ ವಿಂಡ್ಸರ್ ಹೌಸ್. 1971ರಲ್ಲಿ ಹೆಲೆನ್ ಹ್ಯೂಸ್ ಎಂಬವರ ಮನೆಯಲ್ಲೇ ಶುರುವಾಗಿ, ಕೆಲವೇ ವರ್ಷಗಳಲ್ಲಿ ಸರ್ಕಾರಿ ವ್ಯವಸ್ಥೆಯ ಒಳಗೆ ಬಂತು. 2019ರಲ್ಲಿ ಮುಚ್ಚಿತು. ಮುಚ್ಚಿದ್ದನ್ನೂ ಹೇಳಬೇಕು ಅಂತಲೇ ಹೇಳುತ್ತಿದ್ದೇನೆ. ಆಡಳಿತದ ಬೆಂಬಲ ಇಲ್ಲದೆ ಹೋದರೆ ಸುಮಾರು ಐವತ್ತು ವರ್ಷ ನಡೆದ ಶಾಲೆಯೂ ನಿಲ್ಲುತ್ತದೆ.

ಇನ್ನು ನಮ್ಮ ಮನೆಗೆ ಬರೋಣ.

ಸಣ್ಣ ತರಗತಿಗಳ ಚಟುವಟಿಕೆಯ ಕಲಿಕೆ ಇದೆಯಲ್ಲ, ನಲಿ-ಕಲಿ, ನೀವು ಅದನ್ನು ಮಾಡಿದವರು. ಅದರ ಕತೆ ನೆನಪಿದೆಯಾ? 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ಕಂಡು ಬಂದು, ತಾವೇ ಕೂತು ಕಲಿಕೆಯ ಕಾರ್ಡು ಬರೆದರು. ಶುರುವಾದದ್ದು ಶಿಕ್ಷಕರ ಕೈಯಿಂದ. 2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ಮಕ್ಕಳನ್ನು ಗುಂಪಾಗಿ ಕೂರಿಸುವ ತಟ್ಟೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ರಜೆ ಮಾಡಿದರೆ ಬಂದು ಬಿಟ್ಟ ಕಡೆಯಿಂದಲೇ ಮುಂದುವರಿಸುತ್ತದೆ. ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡುತ್ತದೆ. ಪೋರ್ಚುಗಲ್ಲಿನ ಶಾಲೆಗೆ ಇದು ಎಷ್ಟು ಹತ್ತಿರ ನೋಡಿ!

ಆದರೆ ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಏಣಿ ಇಲ್ಲ, ತಟ್ಟೆ ಇಲ್ಲ. ಎಲ್ಲರೂ ಕರಿಹಲಗೆ ಕಡೆ ಮುಖ ಮಾಡಿ ಕೂರಬೇಕು. ಮೂರು ವರ್ಷ ತನ್ನ ಕಲಿಕೆಯನ್ನು ತಾನೇ ನೋಡಿಕೊಂಡ ಮಗುವಿಗೆ ನಾವು ಇದ್ದಕ್ಕಿದ್ದಂತೆ 'ಇನ್ನು ನೀನು ನೋಡಿಕೊಳ್ಳಬೇಡ' ಅನ್ನುತ್ತೇವೆ. ನಲಿ-ಕಲಿಯಲ್ಲಿ ಕೊರತೆಗಳಿವೆ, ನಿಮಗೇ ಚೆನ್ನಾಗಿ ಗೊತ್ತು. ಕಾರ್ಡು ಹರಿದುಹೋಗುವುದರಿಂದ ಹಿಡಿದು ಒಬ್ಬರೇ ಟೀಚರು ಮೂರು ತರಗತಿ ಹೊರುವವರೆಗೆ. ಹಾಗಿದ್ದರೂ ಅದರೊಳಗಿನ ಒಳ್ಳೆಯ ಗುಣವನ್ನು ಮೇಲಿನ ತರಗತಿಗೆ ಒಯ್ಯದೆ ಬಿಟ್ಟದ್ದು ದೊಡ್ಡ ನಷ್ಟ.

ಎರಡನೆಯದಾಗಿ, ಮಕ್ಕಳು ಕೂತು ತೀರ್ಮಾನ ಮಾಡುವುದು ಈ ಜಿಲ್ಲೆಗೆ ಹೊಸದಲ್ಲ. ಕುಂದಾಪುರ ತಾಲೂಕನ್ನು ನೆನೆಯಿರಿ. 1990ರಲ್ಲಿ ದುಡಿಯುವ ಮಕ್ಕಳು ಸೇರಿ ಭೀಮ ಸಂಘ ಕಟ್ಟಿಕೊಂಡರು. ಅವರ ಜೊತೆ ಕೆಲಸ ಮಾಡುವ ಸಂಸ್ಥೆಯ ನೆರವಿನಿಂದ, ಆ ದಶಕದ ನಡುವೆ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿಗಳು ಹುಟ್ಟಿದವು. ಮಕ್ಕಳೇ ನಿಂತು, ಮಕ್ಕಳೇ ಓಟು ಹಾಕಿ ಆರಿಸಿದ ಪಂಚಾಯತಿ. ಕಾಲುಸಂಕ, ಶಾಲೆಯ ದಾರಿ, ಇಂಥ ವಿಷಯಗಳನ್ನು ಅವರು ದೊಡ್ಡವರ ಪಂಚಾಯತಿಯ ಮುಂದೆ ಇಟ್ಟರು. ಮಳೆಗಾಲದಲ್ಲಿ ತೋಡು ತುಂಬಿದಾಗ ಎರಡು ಅಡಿಕೆ ಮರದ ಮೇಲೆ ನಡೆದು ಶಾಲೆಗೆ ಹೋಗುವುದು ಎಂದರೆ ಏನು ಅಂತ ಈ ಭಾಗದ ಮಕ್ಕಳಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರಿಗೂ ಗೊತ್ತಿಲ್ಲ. ಮುಂದೆ ಇಡೀ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂಬ ಆದೇಶ ಬಂತು. ಹೊರಗಿನವರು ಬಂದು ಕಲಿತು ಹೋಗುವಂಥ ಕೆಲಸ ನಮ್ಮ ಪಕ್ಕದ ಹಳ್ಳಿಗಳಲ್ಲಿ ನಡೆದಿದೆ. ಅದನ್ನು ನಾವು ಶಾಲೆಯ ಗೇಟಿನ ಒಳಗೆ ಇನ್ನೂ ತಂದಿಲ್ಲ.

ಕಾನೂನು ಏನು ಹೇಳುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಓದಿ. ಮಗು ಮಾಡಿ, ಹುಡುಕಿ, ಕಂಡು ಕಲಿಯಬೇಕು. ಮಗುವಿಗೆ ಭಯ, ಆತಂಕ ಇರಬಾರದು. ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ಅದಕ್ಕೆ ನೆರವಾಗಬೇಕು. 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಕೇಂದ್ರದ ಮಾದರಿ ನಿಯಮಗಳಲ್ಲಿ ಶಾಲಾ ಸಮಿತಿಯಲ್ಲಿ ಆ ಶಾಲೆಯ ಮಕ್ಕಳಿಗೂ ಜಾಗ ಕೊಡಬಹುದು ಅಂತ ಇದೆ. ಆದ್ದರಿಂದ ಯಾರಾದರೂ ನಿಮ್ಮನ್ನು 'ಇದೆಲ್ಲ ಯಾರು ಮಾಡಲು ಹೇಳಿದರು?' ಅಂತ ಕೇಳಿದರೆ ಧೈರ್ಯವಾಗಿ ಹೇಳಿ, ಸಂಸತ್ತು ಹೇಳಿದೆ ಅಂತ.

ಸರಿ, ಸಭೆ ನಡೆಸುವುದು ಹೇಗೆ? ಒಂದು ಉದಾಹರಣೆ ತೆಗೆದುಕೊಳ್ಳೋಣ.

ಜಗಲಿಯ ಕಂಬಕ್ಕೆ ಒಂದು ಪುಸ್ತಕ ನೇತುಹಾಕಿ. ಯಾವ ಮಗುವಾದರೂ ಅದರಲ್ಲಿ ವಿಷಯ ಬರೆಯಬಹುದು. ಬರೆಯಲು ಬಾರದವರು ದೊಡ್ಡ ಮಕ್ಕಳಿಂದ ಬರೆಸಬಹುದು. ಶನಿವಾರ ಒಂದು ಪೀರಿಯಡ್ಡು ಸಭೆಗೆ. ನೆಲದ ಮೇಲೆ ವೃತ್ತದಲ್ಲಿ ಎಲ್ಲರೂ, ಟೀಚರು ಕೂಡ. ಅಧ್ಯಕ್ಷತೆ ಪ್ರತಿ ವಾರ ಬೇರೆ ಮಗುವಿಗೆ. ಟೀಚರು ಮಾತಾಡಬೇಕಾದರೆ ಕೈ ಎತ್ತಬೇಕು, ಅಧ್ಯಕ್ಷರು ಕರೆದ ಮೇಲೆ ಮಾತಾಡಬೇಕು. ಇದು ಕಷ್ಟ. ಮಾಡಿ ನೋಡಿದವರಿಗೆ ಗೊತ್ತು ಎಷ್ಟು ಕಷ್ಟ ಅಂತ.

ಆ ವಾರದ ವಿಷಯ ಮೈದಾನ ಅಂದುಕೊಳ್ಳಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಏಳನೇ ತರಗತಿಯ ಹುಡುಗರು ಇಡೀ ಮೈದಾನದಲ್ಲಿ ಕ್ರಿಕೆಟ್ ಆಡುತ್ತಾರೆ, ನಮಗೆ ಜಾಗ ಇಲ್ಲ ಅಂತ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಾಳೆ. ಹುಡುಗರು ಏನು ಹೇಳಬಹುದು? 'ಸಣ್ಣವರಿಗೆ ಚೆಂಡು ತಾಗುತ್ತದೆ, ಅದಕ್ಕೇ ಬರಬೇಡಿ ಅನ್ನುವುದು.' ಅದರಲ್ಲೂ ನ್ಯಾಯ ಇದೆ. ಹುಡುಗಿಯರಲ್ಲಿ ಒಬ್ಬಳು ಹೇಳಬಹುದು, 'ನಮಗೂ ಕ್ರಿಕೆಟ್ ಆಡಲಿಕ್ಕೆ ಉಂಟು, ಯಾರೂ ಸೇರಿಸುವುದಿಲ್ಲ.' ಆಗ ವಿಷಯದ ಬಣ್ಣವೇ ಬದಲಾಯಿತು. ಜಾಗದ ಪ್ರಶ್ನೆ ಹೋಗಿ ಆಟಕ್ಕೆ ಸೇರಿಸಿಕೊಳ್ಳುವ ಪ್ರಶ್ನೆ ಬಂತು. ದೊಡ್ಡವರು ಒಂದು ನಿಮಿಷದಲ್ಲಿ 'ಸೋಮವಾರ ಹುಡುಗರು, ಮಂಗಳವಾರ ಹುಡುಗಿಯರು' ಅಂತ ತೀರ್ಪು ಕೊಟ್ಟಿದ್ದರೆ ಈ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ಮಕ್ಕಳು ಒಂದು ತೀರ್ಮಾನಕ್ಕೆ ಬರುತ್ತಾರೆ. ಅದು ನಮ್ಮ ಕಣ್ಣಿಗೆ ಅರೆಬರೆಯಾಗಿ ಕಾಣಬಹುದು. ಆದರೂ ಪುಸ್ತಕದಲ್ಲಿ ಬರೆದು, ಎರಡು ವಾರ ಹಾಗೇ ನಡೆಸಬೇಕು. ಸರಿಹೋಗದಿದ್ದರೆ ಮತ್ತೆ ಸಭೆಗೆ ಬರುತ್ತದೆ, ಅವರೇ ಬದಲಿಸುತ್ತಾರೆ. ನಡುವೆ ಟೀಚರು ಕೈಹಾಕಿ ಸರಿಮಾಡಿದರೆ ಅಲ್ಲಿಗೆ ಮುಗಿಯಿತು. ತಮ್ಮ ತೀರ್ಮಾನ ದೊಡ್ಡವರಿಗೆ ಒಪ್ಪಿಗೆಯಾದರೆ ಮಾತ್ರ ನಡೆಯುತ್ತದೆ ಅಂತ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಮುಂದಿನ ಸಭೆಯಲ್ಲಿ ಅವರು ಟೀಚರಿನ ಮುಖ ನೋಡಿ ಮಾತಾಡುತ್ತಾರೆ.

ಯಾವುದು ಸಭೆಯ ಕೈಯಲ್ಲಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ಸುರಕ್ಷತೆ, ಕಾನೂನು, ಸಂಬಳ, ಸರ್ಕಾರ ಕೊಟ್ಟ ಪಠ್ಯ, ಇವು ಇಲ್ಲ. ಹಾಗೇ ಯಾರನ್ನಾದರೂ ಎಲ್ಲರ ಎದುರು ನಿಲ್ಲಿಸಿ ಅವಮಾನ ಮಾಡಲು ಸಭೆಯನ್ನು ಬಳಸುವ ಹಾಗಿಲ್ಲ. ಉಳಿದದ್ದು ಕಡಿಮೆಯೇನಲ್ಲ. ಆಟ, ಕೈತೋಟ, ಲೈಬ್ರರಿ ಪುಸ್ತಕ ಯಾರು ಎಷ್ಟು ದಿನ ಇಟ್ಟುಕೊಳ್ಳಬಹುದು, ಪ್ರವಾಸ ಎಲ್ಲಿಗೆ, ವಾರ್ಷಿಕೋತ್ಸವದಲ್ಲಿ ಏನು, ಜಗಳಕ್ಕೆ ಪರಿಹಾರ ಏನು. ಹೇಳಿ ಕೊಟ್ಟದ್ದನ್ನು ಪೂರ್ತಿ ಕೊಡಬೇಕು, ಅಷ್ಟೇ.

ಇಲ್ಲಿ ಭಾಷೆಯ ವಿಷಯ ಬರುತ್ತದೆ. ನಮ್ಮ ಒಂದು ತರಗತಿಯಲ್ಲಿ ತುಳು ಮನೆಮಾತಿನ ಮಗು, ಬ್ಯಾರಿ ಮಗು, ಕೊಂಕಣಿ ಮಗು, ಕುಂದಗನ್ನಡದ ಮಗು ಇರುತ್ತಾರೆ. ಉಡುಪಿ, ಮಂಗಳೂರಿನ ಹಲವು ಸರ್ಕಾರಿ ಶಾಲೆಗಳಲ್ಲಿ ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ದುಡಿಯಲು ಬಂದವರ ಮಕ್ಕಳೂ ಇದ್ದಾರೆ. ಪಾಠದಲ್ಲಿ ಬಾಯಿ ಬಿಡದ ಮಗುವನ್ನು ನಾವು 'ಮಾತು ಕಡಿಮೆ' ಅನ್ನುತ್ತೇವೆ. ಅದೇ ಮಗು ಮನೆ ಹತ್ತಿರ ಬಸ್‌ಸ್ಟಾಪಿನಲ್ಲಿ ಪಟಪಟ ಅಂತ ಮಾತಾಡುತ್ತಿರುತ್ತದೆ. ಸಭೆಯಲ್ಲಿ ಯಾರು ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಲಿ. ಅರ್ಥವಾಗದವರಿಗೆ ಪಕ್ಕದ ಮಗು ಹೇಳುತ್ತದೆ. ಮಕ್ಕಳು ಇದರಲ್ಲಿ ನಮಗಿಂತ ಜಾಣರು, ಆಟದ ಬಯಲಿನಲ್ಲಿ ದಿನಾ ಮಾಡುತ್ತಿರುವ ಕೆಲಸವೇ ಅಲ್ವಾ? ಬಾಗಲಕೋಟೆಯ ಹುಡುಗ ತನ್ನ ಕನ್ನಡದಲ್ಲಿ ಮಾತಾಡಿದಾಗ ಯಾರೂ ನಗದೆ ಕೇಳುವ ಒಂದು ಜಾಗ ಶಾಲೆಯಲ್ಲಿ ಇರಲೇಬೇಕು.

ಸಭೆಯಿಂದ ಪಾಠಕ್ಕೂ ದಾರಿ ಇದೆ. ಅದೇ ಪುಸ್ತಕದಲ್ಲಿ ಮಕ್ಕಳು ಪ್ರಶ್ನೆಗಳನ್ನೂ ಬರೆಯಲಿ. ಮಲ್ಪೆಯ ಅಥವಾ ಗಂಗೊಳ್ಳಿಯ ಮಗು ಕೇಳಬಹುದು, ಜೂನ್ 1ರಿಂದ ಜುಲೈ 31ರವರೆಗೆ ಅಪ್ಪ ಯಾಕೆ ಬೋಟಿಗೆ ಹೋಗುವುದಿಲ್ಲ ಅಂತ. 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ಒಂದು ಪ್ರಶ್ನೆಯಲ್ಲಿ ಮೀನು ಮೊಟ್ಟೆಯಿಡುವ ಕಾಲ ಇದೆ, ಮುಂಗಾರು ಇದೆ, ಕಡಲು ಏಳುವುದಿದೆ, ಸರ್ಕಾರದ ಕಾನೂನು ಇದೆ, ಎರಡು ತಿಂಗಳು ಮನೆಯ ಖರ್ಚಿನ ಲೆಕ್ಕ ಇದೆ. ಐದನೇ ತರಗತಿಯ ವಿಜ್ಞಾನ, ಸಮಾಜ, ಗಣಿತ ಮೂರೂ ಬಂತು. ಬಂದರಿನ ಹಿರಿಯರೊಬ್ಬರನ್ನು ಕರೆಸಿ ಮಕ್ಕಳು ಪ್ರಶ್ನೆ ಕೇಳಲಿ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದ ನೆಲ ಇದು. ಕಿತ್ತಳೆ ಮಾರಿದ ದುಡ್ಡು ಕೂಡಿಸಿ, ಓಡಾಡಿ, ಮಂಗಳೂರಿನ ಹರೇಕಳದ ನ್ಯೂಪಡ್ಪುವಿಗೆ ಹಾಜಬ್ಬರು ಶಾಲೆ ತಂದ ನೆಲ ಇದು. ಶಾಲೆ ಹೇಗಿರಬೇಕು ಅಂತ ಸರ್ಕಾರವೇ ಹೇಳಲಿ ಎಂದು ಇಲ್ಲಿನ ಜನ ಕಾದು ಕೂತವರಲ್ಲ.

ಈಗ ನೀವು ಕೇಳಿದ ಪ್ರಶ್ನೆಗಳು. ಮೊದಲನೆಯದು ರಿಸಲ್ಟಿನದು. ಮಕ್ಕಳು ಸಭೆ ಮಾಡುತ್ತಾ ಕೂತರೆ ಎಸ್ಸೆಸ್ಸೆಲ್ಸಿ ಗತಿಯೇನು ಅಂತ ತಾಯಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 2024ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಅಂದರೆ ಅಕ್ಕಾ, ಫಲಿತಾಂಶದ ಹೆದರಿಕೆ ಇಡೀ ರಾಜ್ಯದಲ್ಲಿ ಎಲ್ಲರಿಗಿಂತ ಕಡಿಮೆ ಇರಬೇಕಾದದ್ದು ನಮಗೆ. ಹೊಸದನ್ನು ಮಾಡಿ ನೋಡಲು ನಮಗಿರುವಷ್ಟು ಅನುಕೂಲ ಬೇರೆ ಜಿಲ್ಲೆಗಳಿಗಿಲ್ಲ. ಮೇಲಾಗಿ ವಾರಕ್ಕೆ ಒಂದು ಪೀರಿಯಡ್ಡಿನಿಂದ ಯಾರೂ ಫೇಲಾಗುವುದಿಲ್ಲ. ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ತೊಂಬತ್ತು ತೊಂಬತ್ತೈದು ತೆಗೆದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಮುಂದೆ ಏನು ಓದಬೇಕು ಎಂಬ ಪ್ರಶ್ನೆ ಬಂದಾಗ ಅಪ್ಪನ ಕಡೆ, ಟ್ಯೂಷನ್ ಸರ್ ಕಡೆ ನೋಡುತ್ತಾರೆ. ಹತ್ತು ವರ್ಷ ಶಾಲೆಯಲ್ಲಿ ಅವರು ತಮಗಾಗಿ ಒಂದು ತೀರ್ಮಾನವನ್ನೂ ಮಾಡಿರುವುದಿಲ್ಲ.

ಶಿಸ್ತಿನ ಪ್ರಶ್ನೆಯನ್ನು ಇಬ್ಬರು ಕೇಳಿದರು. ಮೈದಾನದ ಉದಾಹರಣೆಯಲ್ಲಿ ಅದಕ್ಕೆ ಉತ್ತರ ಇದೆ. ತಾವೇ ಮಾಡಿದ ನಿಯಮವನ್ನು ಮುರಿದವನನ್ನು ಜೊತೆಯ ಮಕ್ಕಳೇ ಕೇಳುತ್ತಾರೆ, ಬೆತ್ತ ಬೇಕಾಗುವುದಿಲ್ಲ.

ಮೂರನೆಯ ಮಾತು ಶಿಕ್ಷಕರದ್ದು, ಅದು ನನ್ನನ್ನು ತಟ್ಟಿತು. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಆನ್‌ಲೈನ್ ದಾಖಲೆ, ಮತದಾರರ ಪಟ್ಟಿ, ಸಮೀಕ್ಷೆ. ಇದರ ನಡುವೆ ಇನ್ನೊಂದು ಹೊಸ ಕೆಲಸವಾ? ಅವರು ಹೇಳಿದ್ದು ಪೂರಾ ಸತ್ಯ. ಅದಕ್ಕೇ ಇದು ಇಲಾಖೆಯ ಸುತ್ತೋಲೆಯಾಗಿ ಬರುವುದು ನನಗೆ ಬೇಡ. ಸುತ್ತೋಲೆ ಬಂದರೆ ಸಭೆಗೊಂದು ರಿಜಿಸ್ಟರು, ಫೋಟೋ ಅಪ್‌ಲೋಡು, ವರದಿ ಎಲ್ಲ ಬರುತ್ತದೆ, ಮಕ್ಕಳು ಮತ್ತೆ ಫೋಟೋಕ್ಕೆ ನಿಲ್ಲಬೇಕಾಗುತ್ತದೆ. ಇನ್ನೂ ಒಂದಿದೆ. ತನ್ನ ಶಾಲೆಯ ಬಗ್ಗೆ ಒಂದು ಮಾತನ್ನೂ ಹೇಳಲು ಅವಕಾಶವಿಲ್ಲದ ಶಿಕ್ಷಕಿ ಮಕ್ಕಳಿಗೆ ಮಾತಿನ ಅವಕಾಶ ಹೇಗೆ ಕೊಟ್ಟಾಳು? ಹೆಡ್‌ಮಾಸ್ಟ್ರು ಇಲ್ಲಿದ್ದೀರಿ. ಶಿಕ್ಷಕರ ಸಭೆಯಲ್ಲೂ ವಿಷಯ ಎತ್ತುವ, ಬೇಡ ಅನ್ನುವ ಹಕ್ಕು ಎಲ್ಲರಿಗೂ ಇರಲಿ. ಬಿಸಿಯೂಟದ ಅಡುಗೆಯ ಅಕ್ಕಂದಿರನ್ನೂ ಮಕ್ಕಳ ಸಭೆಯಲ್ಲಿ ಕೂರಿಸಿ. ಯಾವ ಮಗು ಹಸಿದು ಬರುತ್ತದೆ ಅಂತ ಶಾಲೆಯಲ್ಲಿ ಮೊದಲು ತಿಳಿಯುವುದು ಅವರಿಗೆ.

ಕೊನೆಯ ಪ್ರಶ್ನೆ ಸಣ್ಣ ಶಾಲೆಯ ಟೀಚರದ್ದು. ನಮ್ಮಲ್ಲಿ ಇಪ್ಪತ್ತೂ ಮಕ್ಕಳಿಲ್ಲ, ಮುಚ್ಚುತ್ತಾರೋ ಏನೋ ಅಂತ ಭಯ, ಇಂಥಲ್ಲಿ ಇದೆಲ್ಲ ಯಾಕೆ ಅಂತ ಅವರ ಸಂಕಟ. ಟೀಚರೇ, ನಾನಾದರೆ ನಿಮ್ಮ ಶಾಲೆಯಿಂದಲೇ ಶುರು ಮಾಡುತ್ತೇನೆ. ಮುನ್ನೂರು ಮಕ್ಕಳ ಶಾಲೆಯಲ್ಲಿ ಪ್ರತಿನಿಧಿಗಳು ಮಾತಾಡಬೇಕು. ನಿಮ್ಮಲ್ಲಿ ಪ್ರತಿ ಮಗುವೂ ಪ್ರತಿ ವಾರ ಮಾತಾಡಬಹುದು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದು ನಿಮಗೆ ಆಗಲೇ ರೂಢಿ. ಊರಿನವರಿಗೆ ಪ್ರತಿ ಮಗುವಿನ ಹೆಸರು ಗೊತ್ತು. ಖಾಸಗಿ ಶಾಲೆಯ ಹಳದಿ ಬಸ್ಸು ಮನೆ ಬಾಗಿಲಿಗೆ ಬರುವಾಗ ನಮ್ಮ ಶಾಲೆಗೆ ಮಗುವನ್ನು ಯಾಕೆ ಕಳಿಸಬೇಕು ಎಂದು ಪೋಷಕರು ಕೇಳಿದರೆ, ಬಣ್ಣ ಹೊಡೆದ ಗೋಡೆಯೊಂದೇ ಉತ್ತರವಾಗದು. ಇಲ್ಲಿ ನಿಮ್ಮ ಮಗಳ ಮಾತನ್ನು ಕೇಳುತ್ತಾರೆ, ಅವಳು ಹೇಳಿದ್ದು ನಡೆಯುತ್ತದೆ ಅಂತ ತೋರಿಸಲು ಆದರೆ ಅದು ಉತ್ತರ.

ಎಸ್‌ಡಿಎಂಸಿಯವರಲ್ಲಿ ಒಂದು ಕೇಳಿಕೆ ಇಟ್ಟು ಕೂರುತ್ತೇನೆ. ನಿಮ್ಮ ಮುಂದಿನ ಸಭೆಗೆ ಇಬ್ಬರು ಮಕ್ಕಳನ್ನು ಕರೆಸಿ. ದೊಡ್ಡವರು ಆರಿಸಿದವರು ಬೇಡ, ಮಕ್ಕಳೇ ಕಳಿಸಿದವರು ಬರಲಿ. ಒಬ್ಬನೇ ಆದರೆ ಹೆದರುತ್ತಾನೆ, ಅದಕ್ಕೆ ಇಬ್ಬರು. ದಾನಿಗಳಿಂದ ಅಥವಾ ಅನುದಾನದಿಂದ ಬಂದ ಹಣದಲ್ಲಿ ಒಂದು ಸಣ್ಣ ಮೊತ್ತವನ್ನು, ಸಾವಿರ ರೂಪಾಯಿ ಆದರೂ ಸರಿ, ಮಕ್ಕಳ ಸಭೆಯ ತೀರ್ಮಾನಕ್ಕೆ ಬಿಟ್ಟುಕೊಡಲು ನಿಯಮದಲ್ಲಿ ದಾರಿ ಇದೆಯಾ ಅಂತ ಹೆಡ್‌ಮಾಸ್ಟ್ರ ಜೊತೆ ನೋಡಿ. ಲೆಕ್ಕವನ್ನು ಮಕ್ಕಳೇ ಬರೆಯಲಿ, ಬಿಲ್ಲು ತಂದು ನಿಮಗೆ ತೋರಿಸಲಿ. ಅವರು ಚೆಂಡು ತರುತ್ತಾರೋ, ಪುಸ್ತಕ ತರುತ್ತಾರೋ, ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸುತ್ತಾರೋ, ಅದು ಅವರಿಗೆ ಬಿಟ್ಟದ್ದು.